ಹೆಣ್ಣುಮಕ್ಕಳ ಕೈಗೊಂದು ದಿನಚರಿ ಪುಸ್ತಕ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿ ಹೊಲಕ್ಕೆ ಇಳಿದವನು, ಭಾಷಣಗಾರನಲ್ಲ. ಸಂಘದ 25 ವರ್ಷದ ಸಾಧನೆಯನ್ನು ಅಧ್ಯಕ್ಷರು ಆಗಲೇ ವಿವರವಾಗಿ ಹೇಳಿದ್ದಾರೆ. ನಾನು ನಮ್ಮ ಹೆಣ್ಣುಮಕ್ಕಳ ಬಗ್ಗೆ ಎರಡು ಮಾತು ಹೇಳುತ್ತೇನೆ.

ನಮ್ಮೆಲ್ಲರ ಮನೆಯಲ್ಲೂ ಹಾಲಿನ ಪಾಸ್‌ಪುಸ್ತಕ ಇದೆಯಲ್ಲ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಎಲ್ಲ ಅದರಲ್ಲಿ ಇರುತ್ತೆ. ನಾಲ್ಕು ದಿನ ಫ್ಯಾಟ್ ಇಳಿದರೆ ಹಸುವಿಗೆ ಏನಾಯ್ತು, ಮೇವು ಬದಲಾಯ್ತಾ ಅಂತ ಯೋಚನೆ ಮಾಡುತ್ತೇವೆ. ಬರೆದಿಟ್ಟಿದ್ದಕ್ಕೇ ತಾನೇ ಗೊತ್ತಾಗಿದ್ದು? ಆದರೆ ಹೈಸ್ಕೂಲಿಗೆ ಹೋಗುವ ಮಗಳು ಏನಾಗಬೇಕು ಅಂತಿದ್ದಾಳೆ, ಅದಕ್ಕಾಗಿ ಈ ವಾರ ಏನು ಮಾಡಿದಳು, ಇದನ್ನು ಬರೆದಿಡುವ ಪುಸ್ತಕ ಎಷ್ಟು ಮನೆಯಲ್ಲಿದೆ?

ನಮ್ಮ ಸದಸ್ಯರೊಬ್ಬರ ಮಗಳು ಒಂಬತ್ತನೇ ತರಗತಿ. ಇಲ್ಲೇ ಕೂತಿದ್ದಾಳೆ, ಹೆಸರು ಬೇಡ. 200 ಪುಟದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ನರ್ಸ್ ಆಗಬೇಕು’ ಅಂತ ಬರೆದಳು. ಬಿ.ಎಸ್ಸಿ. ನರ್ಸಿಂಗ್‌ಗೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಬೇಕು. ವಿಜ್ಞಾನ ತಗೋಬೇಕಾದರೆ ಈಗಲೇ ಗಣಿತ ಗಟ್ಟಿಯಾಗಬೇಕು. ಹೀಗೆ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದು, ದಿನಕ್ಕೆ ಒಂದು ಗಂಟೆ ಗಣಿತ ಅಂತ ಗೊತ್ತು ಮಾಡಿಕೊಂಡಳು. ರಾತ್ರಿ ಮಲಗೋ ಮುಂಚೆ ನಾಲ್ಕು ಸಾಲು: ಮಾಡಿದೆನೋ ಇಲ್ಲವೋ, ಇಲ್ಲ ಅಂದರೆ ಯಾಕೆ. ಮೊದಲ ತಿಂಗಳು ಬಹಳ ದಿನ ‘ಇಲ್ಲ’. ಯಾಕೆ ಅಂದರೆ, ಡೈರಿಗೆ ಹಾಲು ಹಾಕಲು ಹೋಗಿದ್ದೆ, ಪಾತ್ರೆ ತೊಳೆದೆ, ಕರೆಂಟ್ ಹೋಯಿತು, ಮತ್ತೆ ಡೈರಿ, ಮತ್ತೆ ಡೈರಿ. ಆ ಪುಟ ಮಾತ್ರ ತಂದೆಗೆ ತೋರಿಸಿದಳು. ದೊಡ್ಡ ಮಗ ಆ ಹೊತ್ತಿಗೆ ಕ್ರಿಕೆಟ್ ಆಡುತ್ತಿರುತ್ತಾನೆ. ಈಗ ಆ ಮನೆಯ ಸಂಜೆ ಹಾಲಿನ ಕ್ಯಾನು ಅವನ ಸೈಕಲ್ಲಿನಲ್ಲಿ ಬರುತ್ತಿದೆ, ಕ್ಯೂನಲ್ಲಿ ನೀವೇ ನೋಡಿರುತ್ತೀರಿ. ಹುಡುಗಿಯ ಸೋಮಾರಿತನ ಅಂತ ನಾವು ಅಂದುಕೊಳ್ಳುವುದು ಎಷ್ಟೋ ಸಲ ನಾವೇ ಹೊರಿಸಿದ ಕೆಲಸ ಆಗಿರುತ್ತೆ.

ಮಕ್ಕಳೇ, ‘ಚೆನ್ನಾಗಿ ಓದುತ್ತೇನೆ’ ಅಂತ ಬರೆದರೆ ಪ್ರಯೋಜನವಿಲ್ಲ. ‘ಭಾನುವಾರದೊಳಗೆ ತ್ರಿಭುಜಗಳ ಅಧ್ಯಾಯದ ಲೆಕ್ಕ ಮುಗಿಸುತ್ತೇನೆ’ ಅಂತ ಬರೆಯಿರಿ. ಭಾನುವಾರ ಪುಟ ತಿರುಗಿಸಿ ನೋಡಿ. ಆಗಲಿಲ್ಲವಾದರೆ ನಿಮ್ಮನ್ನೇ ಬೈದುಕೊಳ್ಳಬೇಡಿ, ಕಾರಣ ಬರೆಯಿರಿ. ಆಸೆ ಬದಲಾದರೆ ಹೊಸ ಪುಟ, ಹಳೆಯದನ್ನು ಹರಿಯಬೇಡಿ.

ತಂದೆ ತಾಯಿಗಳಿಗೆ ಒಂದು ವಿನಂತಿ: ಮಗಳ ಪುಸ್ತಕವನ್ನು ಕದ್ದು ಓದಬೇಡಿ. ಆನ್ ಫ್ರಾಂಕ್ ಎಂಬ ಯಹೂದಿ ಹುಡುಗಿಗೆ 1942ರಲ್ಲಿ, 13 ತುಂಬಿದ ದಿನ, ದಿನಚರಿ ಪುಸ್ತಕ ಸಿಕ್ಕಿತು. ನಾಜಿಗಳಿಗೆ ಹೆದರಿ ಆ ಕುಟುಂಬ ಆಮ್‌ಸ್ಟರ್‌ಡಾಮ್ ಪಟ್ಟಣದ ಒಂದು ಕಟ್ಟಡದಲ್ಲಿ ಎರಡು ವರ್ಷ ಅಡಗಿತ್ತು. ಪತ್ರಕರ್ತೆ, ಲೇಖಕಿ ಆಗಬೇಕೆಂದು ಆಕೆ ಅದರಲ್ಲಿ ಬರೆದಳು. ಯುದ್ಧ ಮುಗಿದ ಮೇಲೆ ಪುಸ್ತಕ ಮಾಡಬೇಕೆಂದು 1944ರಲ್ಲಿ ತನ್ನ ಬರಹವನ್ನೇ ತಿದ್ದಿ ಮತ್ತೆ ಬರೆಯಲು ಕೂತಳು. ರಾತ್ರಿ ದಿನಚರಿ ಇರುತ್ತಿದ್ದದ್ದು ತಂದೆಯ ಕೈಚೀಲದಲ್ಲಿ, ಹಾಸಿಗೆಯ ಪಕ್ಕದಲ್ಲೇ. ಓದುವುದಿಲ್ಲ ಅಂತ ಮಾತು ಕೊಟ್ಟಿದ್ದ ಆತ ಓದಲಿಲ್ಲ. ಮಗಳು 1945ರಲ್ಲಿ ಸೆರೆಶಿಬಿರದಲ್ಲಿ ತೀರಿಕೊಂಡಳೆಂದು ತಿಳಿದ ಮೇಲೆಯೇ ತೆರೆದ. 1947ರಲ್ಲಿ ಅದು ಅಚ್ಚಾಯಿತು.

ಇನ್ನೊಂದು ಮಾತು, ಕೆಲವರಿಗೆ ಬೇಸರವಾದೀತು. ಮಗಳು ಪಿ.ಯು.ಸಿ. ಅಂತ ಬರೆಯುತ್ತಿರುವಾಗ ನಾವು ಒಳಗೊಳಗೇ ಗಂಡು ಹುಡುಕುತ್ತಿದ್ದರೆ ಆ ಬರಹಕ್ಕೆ ಏನು ಬೆಲೆ? 18 ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯಂತೆ ನಿಷಿದ್ಧ. 2016ರ ತಿದ್ದುಪಡಿಯ ಮೇಲೆ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು.

ಬೆಳ್ಳಿಹಬ್ಬದ ನೆನಪಿಗೆ ಎಂಟನೇ ತರಗತಿಯಿಂದ ಪಿ.ಯು.ಸಿ.ವರೆಗಿನ ಸದಸ್ಯರ ಹೆಣ್ಣುಮಕ್ಕಳಿಗೆ ಸಂಘದಿಂದ ತಲಾ ಒಂದು ನೋಟ್‌ಬುಕ್, ಪೆನ್ನು ಕೊಡುವುದೆಂದು ಆಡಳಿತ ಮಂಡಳಿಯಲ್ಲಿ ಮಾತಾಗಿದೆ. ಮುಂದಿನ ಬಟವಾಡೆಯ ದಿನ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಹುಡುಗಿಯರು ತಾವೇ ಬಂದು ಸಹಿ ಮಾಡಿ ತೆಗೆದುಕೊಂಡು ಹೋಗಲಿ. ಒಳಗೆ ಏನು ಬರೆದಿರಿ ಅಂತ ಸಂಘ ಕೇಳುವುದಿಲ್ಲ.