ಬಾನಿನಿಂದ ಕರೆಂಟು ಬಂದರೆ ಜೇನಿಗೇನಾದೀತು?

ಮಕ್ಕಳೇ, ಮಳೆಗಾಲ ಹಿಡಿಯಿತೆಂದರೆ ಬಾಳೆಹೊನ್ನೂರಿನ ಕಡೆ ಸೂರ್ಯನಿಗೆ ರಜೆ. ಭದ್ರಾ ಹೊಳೆ ಕೆಂಪಾಗಿ ಹರಿಯುತ್ತದೆ, ಮಾಡಿನ ಮೇಲಿನ ಸೋಲಾರ್ ಹೀಟರಿನಲ್ಲಿ ತಣ್ಣೀರು ಬರುತ್ತದೆ, ಬಚ್ಚಲ ಒಲೆ ಮತ್ತೆ ಸೌದೆ ಕೇಳುತ್ತದೆ. ಮೋಡದಾಚೆ ಮಾತ್ರ ಬಿಸಿಲಿಗೆ ಬರವಿಲ್ಲ. ಅಲ್ಲಿಗೇ ಹೋಗಿ ಹಿಡಿದು ತಂದರೆ?

1968ರಲ್ಲಿ ಪೀಟರ್ ಗ್ಲೇಸರ್ ಎಂಬ ಎಂಜಿನಿಯರ್ ಇದಕ್ಕೊಂದು ಉಪಾಯ ಹೇಳಿದರು. ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಅಂದರೆ ಹಾಸನದ ಇಸ್ರೋ ಕೇಂದ್ರ ನೋಡಿಕೊಳ್ಳುವ ಇನ್ಸಾಟ್ ಉಪಗ್ರಹಗಳಿರುವ ಎತ್ತರದಲ್ಲಿ, ಕಿಲೋಮೀಟರುಗಟ್ಟಲೆ ಅಗಲದ ಸೌರಫಲಕ ನಿಲ್ಲಿಸುವುದು. ಅಲ್ಲಿ ಹುಟ್ಟಿದ ವಿದ್ಯುತ್ತನ್ನು ಮೈಕ್ರೋವೇವ್ ಅಲೆಯಾಗಿ ಕೆಳಗೆ ಕಳಿಸುವುದು. ನೆಲದ ಮೇಲೆ ಹರಡಿದ ಆಂಟೆನಾ ಬಲೆ ಅದನ್ನು ಹಿಡಿದು ಮತ್ತೆ ಕರೆಂಟು ಮಾಡುವುದು. ಈ ಅಲೆಗೆ ಮೋಡ, ಮಳೆ ಅಷ್ಟಾಗಿ ಅಡ್ಡಿಯಲ್ಲ. 1975ರಲ್ಲಿ ಅಮೆರಿಕದ ಗೋಲ್ಡ್‌ಸ್ಟೋನ್‌ನಲ್ಲಿ ಸುಮಾರು 30 ಕಿಲೋವ್ಯಾಟ್ ವಿದ್ಯುತ್ತನ್ನು ತಂತಿಯಿಲ್ಲದೆ ಒಂದೂವರೆ ಕಿ.ಮೀ. ದಾಟಿಸಿದರು. 2023ರಲ್ಲಿ ಕ್ಯಾಲ್ಟೆಕ್ ಸಂಸ್ಥೆಯ ಪುಟ್ಟ ಉಪಕರಣವೊಂದು ಕಕ್ಷೆಯಿಂದ ಕಳಿಸಿದ ಅಲೆ ನೆಲ ಮುಟ್ಟಿತು.

“ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುತ್ತದಲ್ಲ, ಕೆಳಗಿದ್ದವರು ಬೆಂದುಹೋಗುವುದಿಲ್ಲವೇ?” ಒಳ್ಳೆಯ ಪ್ರಶ್ನೆ. ಅಲೆ ಅದೇ, 2.45 ಗಿಗಾಹರ್ಟ್ಸ್. ಆದರೆ ಯಾವ ಅಲೆ ಎಂದು ಕೇಳಿದರೆ ಸಾಲದು, ಎಷ್ಟು ಎಂದೂ ಕೇಳಬೇಕು. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್. 1970ರ ದಶಕದಲ್ಲಿ ನಾಸಾ ಹಾಕಿದ ಯೋಜನೆಯಲ್ಲಿ ಕಿರಣದ ನಟ್ಟನಡುವೆಯೂ ಇದ್ದದ್ದು 230 ವ್ಯಾಟ್, ಬಲೆಯ ಅಂಚಿನಲ್ಲಿ 10 ವ್ಯಾಟ್. ಕಿರಣಕ್ಕೆ ಗುರಿ ತೋರಿಸಲು ನೆಲದಿಂದ ಹೋಗುವ ಸಂಕೇತ ತಪ್ಪಿದರೆ ಕಿರಣ ತಾನಾಗಿ ಚದುರಿ ದುರ್ಬಲವಾಗುವಂತೆಯೂ ಯೋಚಿಸಿದ್ದಾರೆ.

ಹಾಗೆಂದು ಮೈಮರೆಯುವಂತಿಲ್ಲ. ಬಿಸಿಲು ಚರ್ಮವನ್ನು ಚುರುಗುಟ್ಟಿಸುತ್ತದೆ, ನಾವು ನೆರಳಿಗೆ ಓಡುತ್ತೇವೆ. ಈ ಅಲೆಯಾದರೋ ಒಂದೆರಡು ಸೆಂಟಿಮೀಟರ್ ಒಳಹೊಕ್ಕು ಕಾಯಿಸುತ್ತದೆ, ಚರ್ಮಕ್ಕೆ ತಡವಾಗಿ ಗೊತ್ತಾಗುತ್ತದೆ. ಕಣ್ಣಿನ ಮಸೂರದಲ್ಲಿ ರಕ್ತ ಹರಿಯುವುದಿಲ್ಲ, ಹಾಗಾಗಿ ಅದು ಬೇಗ ತಣಿಯುವುದೂ ಇಲ್ಲ. ಎಕ್ಸ್-ರೇಯಂತೆ ಇದು ಡಿಎನ್‌ಎ ಒಡೆಯುವ ಅಲೆಯಲ್ಲ. ಕಾಯಿಸುವುದೇ ಇದರ ಮುಖ್ಯ ತೊಂದರೆ. ಜನರಿಗೆ ಅಂತರರಾಷ್ಟ್ರೀಯ ಮಿತಿ ಚದರ ಮೀಟರಿಗೆ 10 ವ್ಯಾಟ್. ಅದಕ್ಕೇ ಬಲೆಯ ಸುತ್ತ ಬೇಲಿ ಬೇಕು.

ಜೇನಿಗೆ ಬೇಲಿ ಹಾಕುವವರು ಯಾರು? ಬೇಸಿಗೆಯಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ನಮ್ಮ ರೊಬಸ್ಟಾ ತೋಟಗಳು ಬೆಳ್ಳಗೆ ಅರಳುತ್ತವೆ. ಬೇರೆ ಗಿಡದ ಪರಾಗ ಬೀಳದೆ ರೊಬಸ್ಟಾ ಕಾಯಿ ಕಟ್ಟುವುದಿಲ್ಲ. ಆ ಪರಾಗವನ್ನು ಗಾಳಿಯ ಜೊತೆಗೆ ಹೆಜ್ಜೇನು, ತುಡುವೆ ಜೇನುಗಳೂ ಹೊತ್ತು ತರುತ್ತವೆ. ಅಮೆರಿಕದ ವಿಜ್ಞಾನಿಗಳು ಜೇನುಹುಳಗಳನ್ನು ಇದೇ ಅಲೆಗೆ ಅರ್ಧ ಗಂಟೆ ಒಡ್ಡಿ ಹಾರಬಿಟ್ಟರು. ಅವು ದಾರಿ ತಪ್ಪದೆ ಗೂಡು ಸೇರಿದವು. ಇದು 1981ರಲ್ಲಿ ಪ್ರಕಟವಾಯಿತು. ಸಮಾಧಾನದ ಸುದ್ದಿಯೇ, ಆದರೆ ಅರ್ಧ ಗಂಟೆಯ ಪರೀಕ್ಷೆ ವರ್ಷಗಟ್ಟಲೆಯ ಬಾಳಿಗೆ ಉತ್ತರವಲ್ಲ.

ಇನ್ನು ಜಾಗ. ನಾಸಾ ಯೋಜನೆಯ ಬಲೆ 10 ಕಿ.ಮೀ. ಅಗಲ, 13 ಕಿ.ಮೀ. ಉದ್ದ, 5,000 ಮೆಗಾವ್ಯಾಟ್ ಕೊಡುವಂಥದ್ದು. ಅಷ್ಟು ಜಾಗಕ್ಕೆ ನಮ್ಮಲ್ಲಿ ಕಾಡನ್ನೂ ತೋಟದ ನೆರಳುಮರಗಳನ್ನೂ ಕಡಿಯಬೇಕಾದೀತು. ಪಾವಗಡದಂಥ ಬಯಲುಸೀಮೆಯೇ ವಾಸಿ. ಅಲ್ಲಿ 13,000 ಎಕರೆಯ ಸೋಲಾರ್ ಪಾರ್ಕ್ ಈಗಾಗಲೇ ಇದೆ. ಕರೆಂಟು ತಂತಿಯಲ್ಲಿ ಮಲೆನಾಡಿಗೆ ಬಂದರಾಯಿತು. ಬಲೆಯ ಸಂದಿಯಿಂದ ಬಿಸಿಲು ಇಳಿಯುವುದರಿಂದ ಕೆಳಗೆ ಹುಲ್ಲೂ ಬೆಳೆದೀತು.

ನನ್ನ ಮಟ್ಟಿಗೆ ಹೆಚ್ಚಿನ ಚಿಂತೆ ರಾಕೆಟ್ಟಿನದು. ಸಾವಿರಾರು ಟನ್ ಸಾಮಾನು ಮೇಲೆ ಸಾಗಿಸಲು ಮತ್ತೆ ಮತ್ತೆ ರಾಕೆಟ್ ಹಾರಿಸಬೇಕು. ಸೀಮೆಎಣ್ಣೆ ಉರಿಸುವ ರಾಕೆಟ್ಟಿನ ಮಸಿ ಮಳೆಗೆ ತೊಳೆದುಹೋಗದಷ್ಟು ಎತ್ತರದಲ್ಲಿ, ಓಜೋನ್ ಪದರವಿರುವಲ್ಲಿ, ಬಹುಕಾಲ ಉಳಿಯುತ್ತದೆ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಗಿಡದ ರೋಗ, ಕೀಟಗಳನ್ನು ಕಾದು ನೋಡಿ, ಅಳೆದು, ಬಳಿಕವೇ ಬೆಳೆಗಾರರಿಗೆ ಸಲಹೆ ಕೊಡುತ್ತಾ ಬಂದಿದೆ. ನೀವೂ ಹಾಗೇ ಮಾಡಿ. ಯಾವುದೋ ಕಿರಣ ಅಪಾಯವೆಂದು ಯಾರಾದರೂ ಹೆದರಿಸಿದರೆ, ಅಥವಾ ಏನೂ ಆಗದು ಎಂದು ಭರವಸೆ ಕೊಟ್ಟರೆ, ಮೂರು ಪ್ರಶ್ನೆ ಕೇಳಿ: ಎಷ್ಟು? ಎಷ್ಟು ಹೊತ್ತು? ಯಾರ ಮೇಲೆ?