ಹಮ್ಮಿನ ಹಿಂದಿನ ಅಳುಕು

ತನ್ನ ಮಾತೇ ಮಾತು, ತನ್ನ ಮತವೇ ಮತ ಎಂದು ನಡೆಯುವವರೊಬ್ಬರು ನಮ್ಮೆಲ್ಲರ ಪರಿಚಯದಲ್ಲಿಯೂ ಇದ್ದೇ ಇರುತ್ತಾರೆ. ಸಭೆಯಲ್ಲಿ ಮೊದಲ ಸಾಲಿನ ಕುರ್ಚಿ ಅವರಿಗೇ ಸಲ್ಲಬೇಕು. ಮನೆಯಲ್ಲಿ ಅವರು ಬಾಯಿ ತೆರೆದರೆ ಉಳಿದವರು ಮುಚ್ಚಬೇಕು. ಹೊಗಳಿಕೆಯನ್ನು ಅವರು ಹಳೆಯ ಸಾಲವನ್ನು ವಸೂಲು ಮಾಡುವಂತೆ ವಸೂಲು ಮಾಡುತ್ತಾರೆ. ಇಂಥವರನ್ನು ಕಂಡಾಗ ‘ಇವರಿಗೆ ತಮ್ಮ ಮೇಲೆ ಎಷ್ಟೊಂದು ಪ್ರೀತಿ!’ ಎಂದು ನಾವು ಅಂದುಕೊಳ್ಳುತ್ತೇವೆ. ಈ ಎಣಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಇಂಥ ಸ್ವಭಾವವನ್ನು ಕನ್ನಡದಲ್ಲಿ ಆತ್ಮರತಿ ಎನ್ನುತ್ತೇವೆ. ಪಾಶ್ಚಾತ್ಯರು ಅದಕ್ಕಿಟ್ಟ ಹೆಸರು ನಾರ್ಸಿಸಸ್ ಎಂಬ ಪುರಾಣದ ತರುಣನಿಂದ ಬಂದದ್ದು. ರೋಮನ್ ಕವಿ ಆವಿಡ್ ಹೇಳುವ ಕಥೆಯಲ್ಲಿ ಈ ಚೆಲುವನು ಕೊಳದ ನೀರಿನಲ್ಲಿ ತನ್ನ ಬಿಂಬವನ್ನು ಕಂಡು ಮೋಹಗೊಂಡು, ಅದನ್ನು ಬಿಟ್ಟೇಳಲಾರದೆ ಅಲ್ಲಿಯೇ ಸೊರಗಿಹೋಗುತ್ತಾನೆ. ಅವನು ಒಲಿದದ್ದು ತನಗಲ್ಲ, ತನ್ನ ಬಿಂಬಕ್ಕೆ. ಬಿಂಬವಾದರೋ ಬೆರಳು ತಾಕಿದರೆ ಕದಡುವಂಥದು. ಹೀಗಾಗಿ ಅದನ್ನು ನೆಚ್ಚಿದವನಿಗೆ ಸದಾ ಭಯ ತಪ್ಪದು.

ಫ್ರಾಯ್ಡ್ 1914ರಲ್ಲಿ ಈ ವಿಷಯವನ್ನು ಕುರಿತು ಪ್ರಬಂಧವೊಂದನ್ನು ಬರೆದನು. ವಿಯೆನ್ನಾದಲ್ಲಿ ಹುಟ್ಟಿ ಷಿಕಾಗೋದಲ್ಲಿ ನೆಲೆಸಿದ ಹೈನ್ಸ್ ಕೋಹಟ್ 1971ರ ತನ್ನ ಗ್ರಂಥದಲ್ಲಿ ವಿಚಾರವನ್ನು ಮುಂದುವರಿಸಿದನು. ಮಗು ತನ್ನ ಹಿಗ್ಗನ್ನು ತಾಯಿಯ ಮುಖದಲ್ಲಿ, ಕನ್ನಡಿಯಲ್ಲಿ ಕಂಡಂತೆ ಕಾಣಬಯಸುತ್ತದೆ. ಆ ಕನ್ನಡಿ ದೊರೆಯದ ಮಗು ಬೆಳೆದ ಮೇಲೂ ಎದುರಾದವರ ಮುಖಗಳಲ್ಲಿ ಅದನ್ನೇ ಅರಸುತ್ತಿರುತ್ತದೆ. ಅವನ ವಿಚಾರದ ಸಾರ ಇದು. ಮೇಲೆ ಕಾಣುವ ಹಿರಿಮೆ, ಒಳಗೆ ಅಡಗಿದ ನಾಚಿಕೆ ಎಂಬ ಎರಡು ಮುಖಗಳು ಒಬ್ಬನಲ್ಲಿಯೇ ಇರಬಹುದೆಂದು ಈಚಿನ ಮನೋವಿಜ್ಞಾನಿಗಳೂ ಹೇಳುತ್ತಾರೆ. ಜಂಬಗಾರರೆಲ್ಲರೂ ರೋಗಿಗಳೆಂದು ಇದರ ಅರ್ಥವಲ್ಲ. ಆ ನಿರ್ಣಯ ವೈದ್ಯರದು.

ನಾನು ವೈದ್ಯನಲ್ಲ, ಕಾವ್ಯವನ್ನು ಪಾಠ ಹೇಳಿದವನು. ನನಗೆ ನೆನಪಾಗುವವನು ದುರ್ಯೋಧನ. ವ್ಯಾಸಭಾರತದ ಸಭಾಪರ್ವದಲ್ಲಿ ಮಯನು ಕಟ್ಟಿದ ಸಭೆಗೆ ಬಂದ ಅವನು ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ, ಉಟ್ಟ ಬಟ್ಟೆಯಲ್ಲಿಯೇ ಕೊಳಕ್ಕೆ ಬೀಳುತ್ತಾನೆ. ಕಂಡವರು ನಗುತ್ತಾರೆ. ಊರಿಗೆ ಮರಳುವಾಗ ಅವನು ಶಕುನಿಯೊಡನೆ ಆಡುವ ಮಾತೇನು? ಬೆಂಕಿಯನ್ನು ಹೊಗುತ್ತೇನೆ, ವಿಷ ಕುಡಿಯುತ್ತೇನೆ ಎಂದು! ಅಷ್ಟು ದೊಡ್ಡ ಅರಸನಿಗೆ ಒಂದು ನಗೆಯನ್ನು ಅರಗಿಸಿಕೊಳ್ಳುವ ಶಕ್ತಿ ಇರಲಿಲ್ಲ. ರನ್ನನ ಗದಾಯುದ್ಧದಲ್ಲಿಯೂ ಹಾಗೆಯೇ. ವೈಶಂಪಾಯನ ಸರೋವರದಲ್ಲಿ ಅಡಗಿದವನು ಭೀಮನ ಮೂದಲೆಯನ್ನು ಕೇಳಿ ತಣ್ಣೀರಿನೊಳಗೂ ಬೆವರುತ್ತಾನೆ, ತಡೆಯಲಾರದೆ ಹೊರಬರುತ್ತಾನೆ. ಇದನ್ನು ಛಲವೆಂದು ಕೊಂಡಾಡುವುದು ವಾಡಿಕೆ. ತರಗತಿಯಲ್ಲಿ ನಾನೂ ಹಾಗೆಯೇ ಹೇಳಿದೆ. ಆ ಬೆವರಿನಲ್ಲಿ ಛಲದಷ್ಟೇ ಅಳುಕೂ ಇತ್ತೆಂದು ತಿಳಿದದ್ದು ಬಹಳ ತಡವಾಗಿ.

ತಿಳಿದ ಬಗೆಯನ್ನು ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಅಧ್ಯಾಪಕರೊಬ್ಬರಿದ್ದರು. ಹಳಗನ್ನಡದಲ್ಲಿ ಗಟ್ಟಿಗರು, ಆದರೆ ಕಿರಿಯರ ತಪ್ಪನ್ನು ವಿದ್ಯಾರ್ಥಿಗಳೆದುರಿಗೇ ಎತ್ತಿ ಆಡುವರು. ನನ್ನ ಮೊದಲ ಲೇಖನವನ್ನು ಅಧ್ಯಾಪಕರ ಕೊಠಡಿಯಲ್ಲಿ ರಾಗವಾಗಿ ಓದಿ ಎಲ್ಲರನ್ನೂ ನಗಿಸಿದರು. ನಾನು ಎರಡು ವರ್ಷ ಕಾದೆ. ಗೋಷ್ಠಿಯೊಂದರಲ್ಲಿ ಅವರು ಒಂದು ಪದ್ಯದ ಅನ್ವಯದಲ್ಲಿ ಎಡವಿದರು. ನಾನು ಎದ್ದು ನಿಂತು ತಿದ್ದಿದೆ. ತಿದ್ದಿದ್ದಷ್ಟೇ ಅಲ್ಲ, ಸಭೆ ನಗುವಂತೆ ತಿದ್ದಿದೆ. ಅವರ ಕೈಯ ಹಾಳೆಗಳು ನಡುಗುತ್ತಿದ್ದುದು ನಾನು ಕುಳಿತಲ್ಲಿಗೆ ಕಾಣುತ್ತಿತ್ತು. ಆಮೇಲೆ ಅವರು ಯಾವ ಗೋಷ್ಠಿಗೂ ಬರಲಿಲ್ಲ.

ಅವರು ತೀರಿಕೊಂಡಾಗ ಮಾತನಾಡಿಸಲು ಹೋಗಿದ್ದೆ. ಅವರ ಶ್ರೀಮತಿಯವರು ಹೇಳಿದರು: “ಮೂವತ್ತು ವರ್ಷ ಪಾಠ ಹೇಳಿದರೂ ಮಾರನೆಯ ದಿನದ ಪಾಠವನ್ನು ರಾತ್ರಿ ನನ್ನ ಮುಂದೆ ಒಪ್ಪಿಸಿಯೇ ಮಲಗುತ್ತಿದ್ದರಪ್ಪ. ನನಗೇನು ತಿಳಿಯುತ್ತೆ? ಆದರೂ ‘ಸರಿಯಾಗಿತ್ತೇ?’ ಅಂತ ಕೇಳೋರು. ಸರಿಯಾಗಿತ್ತು ಅಂದರೆ ಮಾತ್ರ ನಿದ್ದೆ.”

ನಾನು ತಲೆ ತಗ್ಗಿಸಿ ಕುಳಿತೆ. ಅವರು ಮಾಡಿದ್ದು ಸರಿಯೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಆದರೆ ಗೋಷ್ಠಿಯ ದಿನ ಜನ ನಕ್ಕಾಗ ನನ್ನ ಎದೆ ಉಬ್ಬಿತ್ತಲ್ಲ, ಆಗ ಅದೇ ಕೊಳದ ದಂಡೆಯಲ್ಲಿ ನಾನೂ ಬಗ್ಗಿ ನಿಂತಿದ್ದೆ.

ಹಾಗಾದರೆ ಇಂಥವರೊಡನೆ ಬಾಳುವುದು ಹೇಗೆ? ಅವರ ಅಳುಕನ್ನು ಅರಿಯುವುದು ಬೇರೆ, ಅವರ ದರ್ಪಕ್ಕೆ ಮಣಿಯುವುದು ಬೇರೆ. ಹೆಂಡತಿ ಮಕ್ಕಳನ್ನೋ ಕೈಕೆಳಗಿನವರನ್ನೋ ನೋಯಿಸುವವನನ್ನು ‘ಪಾಪ, ಒಳಗೆ ಮೆತ್ತಗಿನವನು’ ಎಂದು ಸಹಿಸುತ್ತ ಹೋಗುವುದು ಕರುಣೆಯಲ್ಲ. ಇಷ್ಟಕ್ಕೆ ನಿಲ್ಲಿಸಿ ಎಂದು ಹೇಳಲೇಬೇಕು. ಹೇಳುವಾಗ ನಾಲ್ಕು ಜನರನ್ನು ಸಾಕ್ಷಿಗೆ ಕರೆಯದಿದ್ದರೆ ಅದು ನಾಟುವ ಸಂಭವ ಹೆಚ್ಚು. ಮೆಚ್ಚುವುದಾದರೆ ಅವರ ಕೆಲಸವನ್ನು ಮೆಚ್ಚಬೇಕು. ಬಿಂಬಕ್ಕೆ ಆರತಿ ಎತ್ತಬಾರದು.

ನಾನು ಅಂದು ಗೋಷ್ಠಿ ಮುಗಿದ ಮೇಲೆ ಅವರ ಬಳಿಗೆ ಹೋಗಿ, ಆ ಪದ್ಯದ ತಪ್ಪನ್ನು ಮೆಲ್ಲಗೆ ಹೇಳಬಹುದಾಗಿತ್ತು. ಅವರು ಸಿಟ್ಟಾಗುತ್ತಿದ್ದರೇನೋ. ಆದರೆ ಮರುವರ್ಷದ ಗೋಷ್ಠಿಗೆ ಅವರು ಬರುತ್ತಿದ್ದರು.