ಬಿಟ್ಟ ಮೇಲೆ ಸಭೆಗೋ, ಸಭೆಗೆ ಹೋಗಿ ಬಿಡುವುದೋ?

ಹೋದ ಸಲದ ಮಾತಿನ ನಂತರ ಬಂದ ಪತ್ರಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು. ಪ್ರಶ್ನೆಯೂ ಬಹುಮಟ್ಟಿಗೆ ಒಂದೇ. “ನಮ್ಮ ಮನೆಯವರನ್ನು ಎಎ ಸಭೆಗೆ ಕರೆದುಕೊಂಡು ಹೋಗಬೇಕು ಅಂತಿದ್ದೀನಿ ಡಾಕ್ಟರೇ. ಆದರೆ ಅವರು ಇನ್ನೂ ಕುಡೀತಿದ್ದಾರೆ. ನಾಲ್ಕು ದಿನ ಮನೆಯಲ್ಲೇ ಕೂಡಿಹಾಕಿ, ಬಿಡಿಸಿ, ಆಮೇಲೆ ಕರೆದುಕೊಂಡು ಹೋಗಲಾ?”

ಬೇಡ ತಾಯಿ. ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ.

ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸೇರಲು ಬೇಕಾದದ್ದು ಒಂದೇ, ಕುಡಿತ ಬಿಡಬೇಕೆಂಬ ಆಸೆ. ಬಿಟ್ಟೇ ಬರಬೇಕೆಂದು ಯಾರೂ ಹೇಳಿಲ್ಲ. ಆ ಸಂಘ ಹುಟ್ಟಿದ್ದೇ ಹಾಗೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಅವರಿಗೆ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಪರಿಚಯವಾಯಿತು. ಬಿಲ್ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು, ಬಾಬ್ ಬಿಟ್ಟಿರಲಿಲ್ಲ. ಪರಿಚಯವಾದ ಮೇಲೂ ಒಮ್ಮೆ ಜಾರಿದರು. ಜೂನ್ 10ರಂದು ಅವರೊಂದು ಆಪರೇಷನ್ ಮಾಡಬೇಕಿತ್ತು, ಕೈ ನಡುಗುತ್ತಿತ್ತು. ನಡುಕ ನಿಲ್ಲಲೆಂದು ಬಿಲ್ ಅವರೇ ಒಂದು ಬಾಟಲಿ ಬಿಯರ್ ಕೊಟ್ಟರು. ಬಾಬ್ ಕುಡಿದದ್ದು ಅದೇ ಕೊನೆ. ಆ ದಿನವನ್ನೇ ಎಎ ತನ್ನ ಹುಟ್ಟುಹಬ್ಬವಾಗಿ ಆಚರಿಸುತ್ತದೆ. ಇದನ್ನು ಕೇಳಿ ಮನೆಯಲ್ಲಿ ಯಾರೂ ಬಾಟಲಿ ಕೊಡಲು ಹೋಗಬೇಡಿ, ಈಗ ಅದಕ್ಕೆ ಮಾತ್ರೆಗಳಿವೆ. ನಾನು ಹೇಳಹೊರಟಿದ್ದು ಆ ಕೈನಡುಕದ ವಿಷಯ.

ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ದಿನವೂ ಕುಡಿದರೆ ಮಿದುಳು ಅದಕ್ಕೆ ಎದುರಾಗಿ ತನ್ನನ್ನು ತಾನೇ ಕೆರಳಿಸಿಕೊಳ್ಳುತ್ತಾ ಹೋಗುತ್ತದೆ. ಶಾಂತಗೊಳಿಸುವ ಗಾಬಾ ರಾಸಾಯನಿಕದ ಹಿಡಿತ ಸಡಿಲವಾಗುತ್ತದೆ, ಕೆರಳಿಸುವ ಗ್ಲುಟಮೇಟ್‌ನದು ಜೋರಾಗುತ್ತದೆ. ಜಾತ್ರೆಯ ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಎರಡೂ ಕಡೆಯವರು ಸಮನಾಗಿ ಎಳೆಯುವವರೆಗೆ ಹಗ್ಗ ಅಲ್ಲಾಡುವುದಿಲ್ಲ. ಒಂದು ಕಡೆಯವರು ಫಕ್ಕನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಅಂಗಾತ ಬೀಳುತ್ತಾರೆ. ಕುಡಿತ ದಿಢೀರನೆ ನಿಂತಾಗ ಆಗುವುದು ಇದು. ಮದ್ಯ ಕೈಬಿಟ್ಟಿತು, ಮಿದುಳು ಮಾತ್ರ ಇನ್ನೂ ಎಳೆಯುತ್ತಲೇ ಇದೆ.

ಮೊದಲ ದಿನ ನಡುಕ, ಬೆವರು, ವಾಂತಿ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದವರ ಜೊತೆ ಮಾತು, ತಾನೆಲ್ಲಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಇದರಿಂದ ಜೀವ ಹೋಗುತ್ತದೆ. ನಮ್ಮ ಜನ ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಟ್ಟು ಈರುಳ್ಳಿ ಮೂಸಿಸುತ್ತಾರೆ, ಸನ್ನಿ ಹಿಡಿದಾಗ ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸಲು ಹೊರಡುತ್ತಾರೆ. ಹಾಗೆ ಎರಡು ದಿನ ಕಳೆದು ನನ್ನ ವಾರ್ಡಿಗೆ ಬಂದವರನ್ನು ಉಳಿಸಿಕೊಳ್ಳಲಾಗದೆ ನಿಂತಿದ್ದೇನೆ. ಅದಕ್ಕೇ ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

2020ರ ಲಾಕ್‌ಡೌನ್ ನೆನಪಿದೆಯಲ್ಲ? ಮಾರ್ಚ್ ಕೊನೆಯಲ್ಲಿ ಮದ್ಯದಂಗಡಿಗಳು ಮುಚ್ಚಿದವು, ಮತ್ತೆ ತೆರೆದದ್ದು ಮೇ 4ಕ್ಕೆ. ಆ ದಿನಗಳಲ್ಲಿ ಫಿಟ್ಸ್, ಸನ್ನಿ ಎಂದು ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿತು. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು ಅನ್ನುವವರು ಅದನ್ನೊಮ್ಮೆ ಯೋಚಿಸಲಿ. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆದರೆ ಬೆಳಿಗ್ಗೆ ಒಂದು ಕ್ವಾರ್ಟರ್ ಬೀಳದಿದ್ದರೆ ಲೋಟ ಹಿಡಿಯಲಾಗದವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದವರು ವೈದ್ಯರನ್ನು ಕಾಣದೆ ನಿಲ್ಲಿಸಲೇಬಾರದು. ದೇವರ ಮುಂದೆ ಆಣೆ ಮಾಡಿದ್ದರೂ ಅಷ್ಟೇ, ಮಾಲೆ ಹಾಕಿದ್ದರೂ ಅಷ್ಟೇ. ವೈದ್ಯರು ಕ್ಲೋರ್‌ಡಯಾಜಪಾಕ್ಸೈಡ್‌ನಂಥ ಮಾತ್ರೆ ಕೊಟ್ಟು ಸುಮಾರು ಒಂದು ವಾರದಲ್ಲಿ ದಿನದಿನಕ್ಕೆ ಇಳಿಸುತ್ತಾರೆ, ಜೊತೆಗೆ ಬಿ1 ಜೀವಸತ್ವದ ಇಂಜೆಕ್ಷನ್. ಬರೀ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಮನೆಗೆ ಬರಬೇಡಿ. ಬಿ1 ಕೊಡದೆ ಗ್ಲೂಕೋಸ್ ಹಾಕಿದರೆ ಮಿದುಳಿಗೇ ಪೆಟ್ಟಾಗಬಹುದು.

ಹೊತ್ತು ಮೀರುತ್ತಿದೆ, ಸಭೆಯ ವಿಷಯಕ್ಕೆ ಬರುತ್ತೇನೆ. ಚಿಕಿತ್ಸೆ ಮುಗಿಯಲೆಂದು ಕಾಯಬೇಕಾಗಿಲ್ಲ, ಎರಡೂ ಜೊತೆಜೊತೆಗೆ ನಡೆಯಲಿ. ಓಪನ್ ಸಭೆಗೆ ಮನೆಯವರೂ ಹೋಗಬಹುದು, ಕ್ಲೋಸ್ಡ್ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಶುಲ್ಕವಿಲ್ಲ. ಪೂರ್ತಿ ಹೆಸರು, ಜಾತಿ, ಕೆಲಸ ಯಾರೂ ಕೇಳುವುದಿಲ್ಲ. ಮಾತಾಡಲು ಇಷ್ಟವಿಲ್ಲದಿದ್ದರೆ ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿದರಾಯಿತು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ; ಒಂದೇ ಸಭೆ ನೋಡಿ “ಪ್ರಯೋಜನವಿಲ್ಲ” ಎಂದು ತೀರ್ಮಾನಿಸುವುದು ನನಗೆ ಸರಿಕಾಣದು. ಅಲ್ಲಿ ಯಾರಾದರೂ “ಮಾತ್ರೆ ಬಿಸಾಡು” ಎಂದರೆ ಮಾತ್ರ ಕೇಳಬೇಡಿ. ಸದಸ್ಯರು ವೈದ್ಯರ ಕೆಲಸಕ್ಕೆ ಕೈಹಾಕಬಾರದೆಂದು ಎಎಯ ಕಿರುಹೊತ್ತಗೆಯೇ ಹೇಳುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ, ಹಳ್ಳಿಯವರಿಗೆ ಅದು ಹತ್ತಿರವಾದೀತು.

ಇನ್ನು, ಗಂಡ ಬರಲೊಲ್ಲೆ ಎನ್ನುತ್ತಾನೆ ಎಂದು ಬರೆದವರಿಗೆ: ನೀವು ಹೋಗಿ. ಬಿಲ್ ಅವರ ಪತ್ನಿ ಲೋಯಿಸ್ 1951ರಲ್ಲಿ ಮನೆಯವರಿಗೆಂದೇ ಅಲನಾನ್ ಎಂಬ ಸಂಘ ಕಟ್ಟಿದರು, ಅದು ನಮ್ಮ ದೇಶದಲ್ಲೂ ಇದೆ. 14446 ಸರ್ಕಾರದ ಉಚಿತ ಸಹಾಯವಾಣಿ. ಫೋನ್ ಮಾಡಿದಾಗ ಎರಡು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ಹತ್ತಿರದಲ್ಲಿ ಕನ್ನಡದಲ್ಲಿ ಸಭೆ ನಡೆಯುವುದು ಎಲ್ಲಿ, ಯಾವ ವಾರ; ನಡುರಾತ್ರಿ ಫಿಟ್ಸ್ ಬಂದರೆ ಸೇರಿಸಿಕೊಳ್ಳುವ ಆಸ್ಪತ್ರೆ ಯಾವುದು.